19 ವೋಲ್ಟ್ ಅಡಾಪ್ಟರ್ ಚುಚ್ಚಿ ಸತ್ತುಹೋದ ಹಾರ್ಡ್ ಡಿಸ್ಕ್: ಬೋರ್ಡ್ ಬದಲಾಯಿಸಿದರೆ ಡೇಟಾ ಸಿಗುತ್ತದೆಯೇ?

ಪ್ರಶ್ನೆ: ಕಡಲತೀರ

ವೆಸ್ಟರ್ನ್ ಡಿಜಿಟಲ್ ಬ್ಲೂ, 1 ಟಿಬಿ, 3.5 ಇಂಚು. ಬೇರೆಯಾಗಿ ಕೊಂಡ ಸಾಧಾರಣ ಯುಎಸ್‌ಬಿ ಕೇಸ್‌ನಲ್ಲಿ ಹಾಕಿ ಬಳಸುತ್ತಿದ್ದದ್ದು. ಕೇಸ್‌ಗೆ ಬೇಕಿರುವುದು 12 ವೋಲ್ಟ್, 2 ಆಂಪಿಯರ್. ಪಿನ್ ಅಳತೆ ಒಂದೇ ಇದ್ದದ್ದರಿಂದ ಮನೆಯಲ್ಲಿ 19 ವೋಲ್ಟ್‌ನ ಲ್ಯಾಪ್‌ಟಾಪ್ ಅಡಾಪ್ಟರ್ ಚುಚ್ಚಿಬಿಟ್ಟಿದ್ದಾರೆ. ಎರಡು ಸೆಕೆಂಡಿನಲ್ಲಿ ಸುಟ್ಟ ವಾಸನೆ, ಆಮೇಲೆ ಸದ್ದಿಲ್ಲ.

ಡಿಸ್ಕನ್ನು ಕೇಸ್‌ನಿಂದ ತೆಗೆದು ಡೆಸ್ಕ್‌ಟಾಪ್‌ಗೆ ಹಾಕಿದರೆ ಕಂಪ್ಯೂಟರೇ ಆನ್ ಆಗುತ್ತಿಲ್ಲ, ಫ್ಯಾನ್ ಒಮ್ಮೆ ಅಲುಗಿ ನಿಲ್ಲುತ್ತದೆ. ಡಿಸ್ಕ್‌ನ ಪವರ್ ಕೇಬಲ್ ಕಿತ್ತರೆ ಎಲ್ಲ ಸರಿ. ಬೋರ್ಡ್ ಮೇಲಿನ ನಂಬರ್ 2060-771 ಎಂದು ಶುರುವಾಗುತ್ತದೆ. ಅದೇ ನಂಬರಿನ ಬೋರ್ಡ್ ಆನ್‌ಲೈನಲ್ಲಿ ಸಿಗುತ್ತಿದೆ. ತಂದು ಸ್ಕ್ರೂ ಹಾಕಿದರೆ ಸಾಕೇ? ಮಲ್ಟಿಮೀಟರ್, ಸೋಲ್ಡರಿಂಗ್ ಐರನ್, ಹಾಟ್ ಏರ್ ಸ್ಟೇಷನ್ ಇವೆ, ಮೊಬೈಲ್ ಬೋರ್ಡ್ ಕೆಲಸ ಗೊತ್ತು. ಒಳಗಿರುವುದು ಕುಟುಂಬದ ಫೋಟೊಗಳು, ಜಮೀನಿನ ಕಾಗದಪತ್ರಗಳ ಸ್ಕ್ಯಾನ್. ಬೇರೆಲ್ಲೂ ಪ್ರತಿ ಇಲ್ಲ.

ಉತ್ತರ: ಸೊನ್ನೆಓಮ್

ಮೊದಲು ಬೋರ್ಡ್ ಆರ್ಡರ್ ಮಾಡಬೇಡಿ, ಅಳೆಯಿರಿ. ಕಂಪ್ಯೂಟರ್ ಆನ್ ಆಗದಿರುವುದು ಒಳ್ಳೆಯ ಸುಳಿವು. ಡಿಸ್ಕ್‌ನ ಪವರ್ ಲೈನ್ ನೇರ ಗ್ರೌಂಡ್‌ಗೆ ಶಾರ್ಟ್ ಆಗಿದೆ, ಅದನ್ನು ಕಂಡು ಎಸ್‌ಎಂಪಿಎಸ್ (ಕಂಪ್ಯೂಟರಿನ ಪವರ್ ಸಪ್ಲೈ) ತನ್ನನ್ನು ತಾನೇ ನಿಲ್ಲಿಸಿಕೊಳ್ಳುತ್ತಿದೆ. ಹಾಗೆ ಶಾರ್ಟ್ ಆಗಲೆಂದೇ ಬೋರ್ಡ್ ಮೇಲೆ ಎರಡು ಟಿವಿಎಸ್ ಡಯೋಡ್ (ಹೆಚ್ಚಿನ ವೋಲ್ಟೇಜ್ ಬಂದರೆ ತಾನು ಹೀರಿ ಉಳಿದದ್ದನ್ನು ಕಾಯುವ ಭಾಗ) ಇಟ್ಟಿರುತ್ತಾರೆ, 12 ವೋಲ್ಟ್ ಲೈನಿಗೊಂದು, 5 ವೋಲ್ಟ್ ಲೈನಿಗೊಂದು.

12 ವೋಲ್ಟ್ ಕಡೆ ಸಾಮಾನ್ಯವಾಗಿ ಎಸ್‌ಎಂಬಿಜೆ12ಎ ಇರುತ್ತದೆ. 13.3ರಿಂದ 14.7 ವೋಲ್ಟ್ ನಡುವೆ ಅದು ಕರೆಂಟ್ ಎಳೆಯಲು ಶುರು ಮಾಡುತ್ತದೆ. 600 ವ್ಯಾಟ್ ತಡೆಯುತ್ತದೆಂದು ಡೇಟಾಶೀಟ್ ಹೇಳುವುದು ಒಂದು ಮಿಲಿಸೆಕೆಂಡಿನ ಪಲ್ಸ್‌ಗೆ ಮಾತ್ರ, ನಿರಂತರವಾಗಿ ತಡೆಯುವುದು ಕೆಲವೇ ವ್ಯಾಟ್. 19 ವೋಲ್ಟ್ ಅಡಾಪ್ಟರ್ 3 ಆಂಪಿಯರ್ ತಳ್ಳಿದರೂ ಡಯೋಡ್ ಮೇಲೆ 40 ವ್ಯಾಟ್ ದಾಟುತ್ತದೆ. ಅದು ಕರಗಿ ಶಾರ್ಟ್ ಆಗುತ್ತದೆ, ಅಡಾಪ್ಟರ್ ಪ್ರೊಟೆಕ್ಷನ್‌ಗೆ ಹೋಗುತ್ತದೆ, ಉಳಿದದ್ದು ಬಚಾವ್. ಎಲ್ಲ ಸರಿ ಹೋದರೆ ನಡೆಯುವುದು ಇದು. ಡಯೋಡ್ ಸಾಯುವ ಮೊದಲೇ ಮೋಟರ್ ಚಿಪ್ ಪೆಟ್ಟು ತಿಂದಿರುವುದೂ ಉಂಟು.

ಬೋರ್ಡ್ ಬಿಚ್ಚಲು ಟಾರ್ಕ್ಸ್ ಬಿಟ್ ಬೇಕು. ಟಿ5, ಟಿ6, ಟಿ8 ಇರುವ ಸೆಟ್ ಒಂದಿದ್ದರೆ ಬಹುತೇಕ ಎಲ್ಲ ಡಿಸ್ಕ್‌ಗೂ ಆಯಿತು. ಬಿಚ್ಚುವಾಗ ಬಿಟ್ ಸರಿಯಾಗಿ ಕೂತಿದೆಯೇ ನೋಡಿ, ಸ್ಕ್ರೂ ತಲೆ ಸವೆದರೆ ಅದೇ ದೊಡ್ಡ ತಲೆನೋವು. ಬೋರ್ಡ್ ತಿರುಗಿಸಿದರೆ ಪವರ್ ಕನೆಕ್ಟರ್ ಪಕ್ಕದಲ್ಲೇ ಎರಡು ಕಪ್ಪು ಚೌಕ ಡಯೋಡ್‌ಗಳು ಕಾಣುತ್ತವೆ. ವೆಸ್ಟರ್ನ್ ಡಿಜಿಟಲ್‌ನ ಅನೇಕ ಬೋರ್ಡ್‌ಗಳಲ್ಲಿ ಡಿ3, ಡಿ4 ಎಂದು ಗುರುತು ಇರುತ್ತದೆ. ಎಸ್‌ಎಂಬಿಜೆ12ಎ ಆದರೆ ಮೈಮೇಲೆ ‘ಎಲ್‌ಇ’, ಎಸ್‌ಎಂಬಿಜೆ5.0ಎ ಆದರೆ ‘ಕೆಇ’, ಅದರ ಚಿಕ್ಕ ತಮ್ಮ ಎಸ್‌ಎಂಎಜೆ5.0ಎ ಆದರೆ ‘ಎಇ’. ಗೆರೆ ಇರುವ ತುದಿ ಪ್ಲಸ್ ಲೈನಿಗೆ.

ಪವರ್ ಇಲ್ಲದೆ ಓಮ್ಸ್ ರೇಂಜಿನಲ್ಲಿ ಎರಡೂ ಡಯೋಡ್ ಅಳೆಯಿರಿ. ಮೀಟರ್ ತಂತಿಗಳನ್ನು ಒಂದಕ್ಕೊಂದು ಮುಟ್ಟಿಸಿದಾಗ ಬರುವ 0.2, 0.3 ಓಮ್ ಕಳೆದುಕೊಳ್ಳಿ. ಶಾರ್ಟ್ ಆದದ್ದು ಸೊನ್ನೆಯ ಹತ್ತಿರ ತೋರಿಸುತ್ತದೆ. ಅಳತೆ ಡಯೋಡ್ ತುದಿಯಲ್ಲೂ ಬೇಕು, ಕನೆಕ್ಟರ್ ಪಿನ್‌ನಲ್ಲೂ ಬೇಕು. ಸಾಟಾ ಪವರ್‌ನಲ್ಲಿ 7, 8, 9ನೇ ಪಿನ್ 5 ವೋಲ್ಟ್. 13, 14, 15 ಹನ್ನೆರಡು ವೋಲ್ಟ್. ನಡುವೆ ಫ್ಯೂಸ್ ಅಥವಾ ಸೊನ್ನೆ ಓಮ್ ರೆಸಿಸ್ಟರ್ ಇದ್ದು ಅದು ಹಾರಿದ್ದರೆ ಪಿನ್‌ನಲ್ಲಿ ಅಳೆದವರಿಗೆ ಶಾರ್ಟ್ ಕಾಣುವುದೇ ಇಲ್ಲ. ಆ ಫ್ಯೂಸ್‌ಗೆ ತಂತಿ ಹಾಕಿ ಪವರ್ ಕೊಟ್ಟರೆ ಎರಡನೇ ಸಲ ಸುಡುತ್ತದೆ.

ಉತ್ತರ: ಎಂಟುಕಾಲು

ಬೋರ್ಡ್ ತಂದು ಸ್ಕ್ರೂ ಹಾಕಿದರೆ ಸಾಕೇ ಎಂಬುದಕ್ಕೆ ನೇರ ಉತ್ತರ: ಸಾಲದು. ಬೋರ್ಡ್ ಮೇಲೆ ಎಂಟು ಕಾಲಿನ ಒಂದು ಚಿಕ್ಕ ಫ್ಲ್ಯಾಶ್ ಚಿಪ್ ಇದೆ, 25 ಸರಣಿಯದು. ವೆಸ್ಟರ್ನ್ ಡಿಜಿಟಲ್‌ನ ಅನೇಕ ಬೋರ್ಡ್‌ಗಳಲ್ಲಿ ಅದರ ಜಾಗ ಯು12. ಶುರುವಾಗಲು ಬೇಕಾದ ಫರ್ಮ್‌ವೇರ್ ತುಣುಕಿನ ಜೊತೆಗೆ, ನಿಮ್ಮ ಡಿಸ್ಕ್‌ನ ಹೆಡ್‌ಗಳಿಗೇ (ತಟ್ಟೆಯ ಮೇಲೆ ಓದಿ ಬರೆಯುವ ತುದಿಗಳು) ಕಾರ್ಖಾನೆಯಲ್ಲಿ ಹೊಂದಿಸಿದ ಅಳತೆಗಳು ಅದರೊಳಗಿವೆ. ಅದೇ ದಿನ, ಅದೇ ಸಾಲಿನಲ್ಲಿ ತಯಾರಾದ ಪಕ್ಕದ ಡಿಸ್ಕ್‌ಗೂ ಆ ಅಳತೆಗಳು ಹೊಂದುವುದಿಲ್ಲ. ಬರೀ ಬೋರ್ಡ್ ಬದಲಿಸಿದರೆ ಮೋಟರ್ ತಿರುಗಬಹುದು, ಆದರೆ ಹೆಡ್‌ಗಳು ಸರ್ವಿಸ್ ಏರಿಯಾ (ತಟ್ಟೆಯ ಮೇಲೆ ಡಿಸ್ಕ್ ತನ್ನ ಸ್ವಂತ ಫರ್ಮ್‌ವೇರ್ ಇಟ್ಟುಕೊಳ್ಳುವ ಜಾಗ) ಓದಲಾರದೆ ಟಿಕ್ ಟಿಕ್ ಎಂದು ಬಡಿದುಕೊಳ್ಳುತ್ತವೆ. ಹಾಗೆ ಬಡಿಯಲು ಬಿಟ್ಟರೆ ಸುಮ್ಮನೆ ಇದ್ದ ಹೆಡ್‌ಗಳೂ ಹಾಳು. ಇದೊಂದು ವಿಷಯ ತಿಳಿಯದೆ ಎಷ್ಟೋ ಡಿಸ್ಕ್‌ಗಳು ಕೈಬಿಟ್ಟು ಹೋಗಿವೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಹಾಗಾಗಿ ಸುಟ್ಟ ಬೋರ್ಡನ್ನು ಎಸೆಯಬೇಡಿ, ಅಂಗಡಿಗೆ ಎಕ್ಸ್‌ಚೇಂಜ್ ಅಂತ ಕೊಡಬೇಡಿ. ಆ ಬೋರ್ಡ್‌ನಲ್ಲಿ ಹಣ ಕೊಟ್ಟರೂ ಮತ್ತೆ ಸಿಗದ ವಸ್ತು ಆ ಎಂಟು ಕಾಲಿನ ಚಿಪ್ ಒಂದೇ.

ಕಡಲತೀರ

ಅಳೆದೆ. ‘ಎಲ್‌ಇ’ ಎಂದಿರುವ ಡಯೋಡ್ 0.4 ಓಮ್. 5 ವೋಲ್ಟ್ ಕಡೆಯದು 600 ಓಮ್ ಚಿಲ್ಲರೆ. ‘ಎಲ್‌ಇ’ ತೆಗೆದ ಮೇಲೂ ಅದರ ಪ್ಯಾಡ್‌ನಿಂದ ಗ್ರೌಂಡ್‌ಗೆ 2 ಓಮ್ ಬರುತ್ತಿದೆ. ಸರಣಿಯಲ್ಲಿರುವ ಸೊನ್ನೆ ಓಮ್ ರೆಸಿಸ್ಟರ್ ಸರಿ ಇದೆ. ‘ಸ್ಮೂತ್’ ಎಂದು ಬರೆದ ಚಿಪ್‌ನ ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಉಬ್ಬು ಇದೆ. ಯು12 ಜಾಗದಲ್ಲಿ ಚಿಪ್ ಇದೆ.

ಉತ್ತರ: ಸೊನ್ನೆಓಮ್

ಡಯೋಡ್ ತೆಗೆದ ಮೇಲೆ ಶಾರ್ಟ್ ಹೋಗಿದ್ದರೆ ಅಲ್ಲಿಗೆ ಕೆಲಸ ಮುಗಿಯುತ್ತಿತ್ತು. ಟಿವಿಎಸ್ ಇಲ್ಲದೆಯೂ ಡಿಸ್ಕ್ ಓಡುತ್ತದೆ, ಒಳ್ಳೆಯ ಎಸ್‌ಎಂಪಿಎಸ್‌ನಲ್ಲಿ ಡೇಟಾ ತೆಗೆಯುವಷ್ಟು ಹೊತ್ತು ಧೈರ್ಯವಾಗಿ ಓಡಿಸಬಹುದು. ನಿಮ್ಮದರಲ್ಲಿ ಇನ್ನೂ 2 ಓಮ್ ಇದೆ, ಮೇಲೆ ಉಬ್ಬೂ ಕಾಣುತ್ತಿದೆ. ‘ಸ್ಮೂತ್’ ಎಂದರೆ ಎಸ್‌ಟಿ ಕಂಪನಿಯ ಮೋಟರ್ ಕಂಟ್ರೋಲರ್. ಮೋಟರ್ ತಿರುಗಿಸುವುದು, ಹೆಡ್ ತೋಳನ್ನು ಆಡಿಸುವುದು, ಮುಖ್ಯ ಚಿಪ್‌ಗೆ ಬೇಕಾದ ಚಿಕ್ಕ ವೋಲ್ಟೇಜ್‌ಗಳನ್ನು ಕೊಡುವುದು ಎಲ್ಲ ಅದೇ. ಅದನ್ನೇ ಬದಲಿಸುವುದು ಸಾಧ್ಯವಿಲ್ಲವೆಂದಲ್ಲ. ಆದರೆ ಹೊಸ ಚಿಪ್ ಬಿಡಿಯಾಗಿ ನಂಬುವಂಥದ್ದು ಸಿಗುವುದು ಕಷ್ಟ, ಹೊಟ್ಟೆಯ ಕೆಳಗೆ ದೊಡ್ಡ ಗ್ರೌಂಡ್ ಪ್ಯಾಡ್ ಇರುತ್ತದೆ, ಕೆಳಗಿನ ಟ್ರ್ಯಾಕ್ ಸುಟ್ಟಿದೆಯೋ ಇಲ್ಲವೋ ಕಾಣುವುದಿಲ್ಲ. ನಿಮಗೆ ದಾನಿ ಬೋರ್ಡೇ, ಅಂದರೆ ಬೇರೆ ಡಿಸ್ಕ್‌ನಿಂದ ತೆಗೆದ ಅದೇ ಬಗೆಯ ಬೋರ್ಡೇ ಸರಿ.

ಅದಕ್ಕೂ ಮುಂಚೆ ಒಂದು ಅಳತೆ ಬಾಕಿ ಇದೆ, ಇದನ್ನು ಬಿಡಬೇಡಿ. ಮೋಟರ್ ಸುರುಳಿ ಸುಟ್ಟು ಶಾರ್ಟ್ ಆಗಿದ್ದರೆ ಹೊಸ ಬೋರ್ಡೂ ಅದೇ ಗತಿ ಕಾಣುತ್ತದೆ. ಡಿಸ್ಕ್‌ನ ಬೆನ್ನಿನ ಮೇಲೆ ಮೋಟರ್‌ನ ನಾಲ್ಕು ಸಂಪರ್ಕಗಳು ಸಾಲಾಗಿವೆ. ಮೂರು ಫೇಸ್, ಒಂದು ಕಾಮನ್. ಕಾಮನ್‌ನಿಂದ ಪ್ರತಿ ಫೇಸ್‌ಗೆ ಒಂದೇ ಸಮನಾದ ರೆಸಿಸ್ಟೆನ್ಸ್ ಬರಬೇಕು, ಸಾಧಾರಣವಾಗಿ ಒಂದು ಓಮ್ ಆಸುಪಾಸು. ಫೇಸ್‌ನಿಂದ ಫೇಸ್‌ಗೆ ಅದರ ಎರಡರಷ್ಟು. ಅಂಕಿ ಎಷ್ಟೆಂಬುದಕ್ಕಿಂತ ಮೂರೂ ಸಮನಾಗಿವೆಯೇ ಎಂಬುದು ಮುಖ್ಯ. ಯಾವುದರಿಂದಲೂ ಅಲ್ಯೂಮಿನಿಯಂ ಮೈಗೆ ಸಂಪರ್ಕ ಇರಬಾರದು.

5 ವೋಲ್ಟ್ ಲೈನ್ ಉಳಿದಿರುವುದು ನಿಮ್ಮ ಪುಣ್ಯ. ಹೆಡ್‌ಗಳ ತೋಳಿನ ಮೇಲೆ, ಡಿಸ್ಕ್‌ನ ಒಳಗೇ ಪ್ರೀಆಂಪ್ ಚಿಪ್ (ಹೆಡ್‌ಗಳ ಸಣ್ಣ ಸಿಗ್ನಲನ್ನು ದೊಡ್ಡದು ಮಾಡುವುದು) ಕೂತಿದೆ, ಅದು ಓಡುವುದು 5 ವೋಲ್ಟ್ ಕಡೆಯಿಂದ. ಅದು ಸುಟ್ಟರೆ ಬೋರ್ಡ್ ಎಷ್ಟು ಬದಲಿಸಿದರೂ ಪ್ರಯೋಜನವಿಲ್ಲ, ಕ್ಲೀನ್ ರೂಮಿನಲ್ಲಿ ಹೆಡ್ ಜೋಡಣೆಯನ್ನೇ ಬದಲಿಸಬೇಕು. ಬೇರೆ ಕಂಪನಿಯ ಮಾಡ್ಯುಲರ್ (ಎಸ್‌ಎಂಪಿಎಸ್‌ನಿಂದ ಕಳಚಿ ತೆಗೆಯಬಹುದಾದ) ಕೇಬಲನ್ನು ಎಸ್‌ಎಂಪಿಎಸ್‌ಗೆ ಚುಚ್ಚಿದಾಗ ಆಗುವ ಅನಾಹುತ ಇದೇ. ಎಸ್‌ಎಂಪಿಎಸ್ ಕಡೆಯ ಪಿನ್ ಜೋಡಣೆಗೆ ಯಾವ ಮಾನದಂಡವೂ ಇಲ್ಲ, 5 ವೋಲ್ಟ್ ಪಿನ್‌ಗೆ 12 ವೋಲ್ಟ್ ನುಗ್ಗುತ್ತದೆ.

ಉತ್ತರ: ಎಂಟುಕಾಲು

ದಾನಿ ಬೋರ್ಡ್ ಆರಿಸುವಾಗ ಡಿಸ್ಕ್ ಮಾಡೆಲ್ ನೋಡಿ ತರಬೇಡಿ, ಬೋರ್ಡ್ ನಂಬರ್ ನೋಡಿ. 2060-771 ಆದ ಮೇಲಿನ ಮೂರು ಅಂಕಿ, ಅಡ್ಡಗೆರೆಯ ನಂತರದ ಮೂರು ಅಂಕಿ, ರಿವಿಷನ್ ಮೂರೂ ಕೂಡಬೇಕು. ಅಂಟಿಸಿದ ಸ್ಟಿಕ್ಕರ್ ಮೇಲಿನ 2061 ನಂಬರ್ ಬೇರೆ, ಬೋರ್ಡ್‌ನಲ್ಲೇ ಅಚ್ಚಾದ 2060 ನಂಬರ್ ಬೇರೆ, ಗೊಂದಲ ಬೇಡ. ಮುಖ್ಯ ಚಿಪ್ ಮತ್ತು ಮೋಟರ್ ಚಿಪ್ ಮೇಲಿನ ಬರಹವೂ ಒಂದೇ ಇದ್ದರೆ ಇನ್ನೂ ಒಳ್ಳೆಯದು. ಬೆಂಗಳೂರಿನಲ್ಲಿ ಎಸ್‌ಪಿ ರಸ್ತೆಯಲ್ಲಿ ಕೆಟ್ಟ ಡಿಸ್ಕ್‌ಗಳ ರಾಶಿಯಲ್ಲಿ ಹುಡುಕುವುದಾದರೆ ಸ್ಕ್ರಾಚ್ ಬಿದ್ದು ಸತ್ತ ಡಿಸ್ಕ್ ಆದರೂ ಪರವಾಗಿಲ್ಲ. ಬೋರ್ಡ್ ಚೆನ್ನಾಗಿದ್ದರೆ ಸಾಕು, ಆದರೆ ಅದರ ಮೋಟರ್ ತಿರುಗುವುದನ್ನು ಕಣ್ಣಾರೆ ನೋಡಿ ತನ್ನಿ.

ಚಿಪ್ ತೆಗೆಯುವುದು ನಿಮಗೆ ಹೊಸದಲ್ಲ, ಆದರೂ ಕೆಲವು ಮಾತು. ಕಾರ್ಖಾನೆಯ ಸೀಸರಹಿತ ಬೆಸುಗೆ ಕರಗಲು 217 ಡಿಗ್ರಿ ದಾಟಬೇಕು. ಮೊದಲು ಎಂಟೂ ಕಾಲಿಗೆ ಫ್ಲಕ್ಸ್ ಹಚ್ಚಿ 63/37 ಸೀಸದ ಬೆಸುಗೆ ಬೆರೆಸಿದರೆ ಅದಕ್ಕಿಂತ ಕಡಿಮೆ ಬಿಸಿಗೇ ಕರಗುತ್ತದೆ. ಸುತ್ತ ಬಿಸಿ ತಡೆಯುವ ಕ್ಯಾಪ್ಟಾನ್ ಟೇಪ್ ಹಚ್ಚಿ, ಗಾಳಿ ಕಡಿಮೆ ಇಟ್ಟು 330 ಡಿಗ್ರಿಯಲ್ಲಿ ಸುತ್ತಾಡಿಸಿ. ಚಿಪ್ ತಾನಾಗಿ ತೇಲಿದಾಗ ಎತ್ತಿ, ಚಿಮುಟದಿಂದ ಜಗ್ಗಬೇಡಿ. ಪ್ಯಾಡ್ ಕಿತ್ತು ಬಂದರೆ ಕೆಲಸ ದುಪ್ಪಟ್ಟು. ತೆಗೆಯುವ ಮುಂಚೆ ಎರಡೂ ಬೋರ್ಡ್‌ನ ಫೋಟೊ ಹಿಡಿದಿಡಿ, ಒಂದನೇ ಕಾಲಿನ ಚುಕ್ಕೆ ಯಾವ ಕಡೆ ಇತ್ತೆಂದು ಆಮೇಲೆ ಜಗಳ ಬೇಡ. ತಿರುಗುಮುರುಗಾಗಿ ಕೂರಿಸಿ ಪವರ್ ಕೊಟ್ಟರೆ ಚಿಪ್ ಸಾಯುತ್ತದೆ, ಅದಕ್ಕೆ ಮದ್ದಿಲ್ಲ.

ಉತ್ತರ: ಬೈಟ್‌ಬುತ್ತಿ

ಚಿಪ್ ನೇರ ದಾನಿ ಬೋರ್ಡ್‌ಗೆ ಹಾಕುವ ಮೊದಲು ಓದಿ ಒಂದು ಪ್ರತಿ ಇಟ್ಟುಕೊಳ್ಳಿ ಎಂಬುದು ನನ್ನ ಸಲಹೆ. ಕ್ಲಿಪ್ ಹಾಕಿ ಬೋರ್ಡ್ ಮೇಲೆಯೇ ಓದುವುದು ಬೇಡ. ಪ್ರೋಗ್ರಾಮರ್ (ಚಿಪ್ ಓದಿ ಬರೆಯುವ ಉಪಕರಣ) ಕೊಡುವ ಪವರ್ ಮುಖ್ಯ ಚಿಪ್‌ಗೂ ಹರಿದು ಅದೂ ಎದ್ದು ಲೈನಿನಲ್ಲಿ ಮಾತಾಡತೊಡಗುತ್ತದೆ, ಓದಿದ್ದು ಕಲಬೆರಕೆ. ಬೋರ್ಡ್‌ನಿಂದ ತೆಗೆದ ಮೇಲೆ ಸಾಕೆಟ್‌ನಲ್ಲಿಟ್ಟು ಓದಿ.

ಎಲ್ಲರ ಹತ್ತಿರವೂ ಇರುವ ಅಗ್ಗದ ಕಪ್ಪು ಸಿಎಚ್341ಎ ಪ್ರೋಗ್ರಾಮರ್‌ನಲ್ಲಿ ಒಂದು ದೋಷವಿದೆ. ಫ್ಲ್ಯಾಶ್‌ಗೆ ಕೊಡುವ ಪವರ್ 3.3 ವೋಲ್ಟ್ ಆದರೂ ಡೇಟಾ ಲೈನ್‌ಗಳು 5 ವೋಲ್ಟ್‌ಗೆ ಏರುತ್ತವೆ. ಬಹಳ ಚಿಪ್‌ಗಳು ತಡೆದುಕೊಳ್ಳುತ್ತವೆ, ಆದರೆ ಮತ್ತೆ ಸಿಗದ ಚಿಪ್ ಮೇಲೆ ಆ ಜೂಜು ಯಾಕೆ? ಪ್ರೋಗ್ರಾಮರ್ ಐಸಿಯ 28ನೇ ಕಾಲನ್ನು 5 ವೋಲ್ಟ್‌ನಿಂದ ಬಿಡಿಸಿ, 9ನೇ ಕಾಲಿನ ಜೊತೆ 3.3 ವೋಲ್ಟ್‌ಗೆ ಸೇರಿಸಿದರೆ ಸರಿಯಾಗುತ್ತದೆ. ಇಲ್ಲವಾದರೆ ರಾಸ್ಪ್‌ಬೆರಿ ಪೈ ಸಾಕು. ಅದರ ಎಸ್‌ಪಿಐ ಪಿನ್‌ಗಳು ಹುಟ್ಟಾ 3.3 ವೋಲ್ಟ್, ಫ್ಲ್ಯಾಶ್‌ರೋಮ್ ಪ್ರೋಗ್ರಾಂ ಅದರಲ್ಲೇ ಓಡುತ್ತದೆ. ಮೊದಲು ಚಿಪ್ ನಂಬರ್ ನೋಡಿ, 1.8 ವೋಲ್ಟ್‌ನದಾಗಿದ್ದರೆ ಅಡಾಪ್ಟರ್ ಬೇಕು.

ಮೂರು ಸಲ ಓದಿ, ಮೂರೂ ಫೈಲ್‌ನ ಚೆಕ್‌ಸಮ್ (ಫೈಲ್‌ನ ಒಳಗಿನಿಂದ ಲೆಕ್ಕ ಹಾಕಿದ ಗುರುತಿನ ಸಂಖ್ಯೆ) ಒಂದೇ ಬರಬೇಕು. 2 ಮೆಗಾಬಿಟ್ ಚಿಪ್ ಆದರೆ ಫೈಲ್ ಸರಿಯಾಗಿ 2,62,144 ಬೈಟ್, 4 ಮೆಗಾಬಿಟ್ ಆದರೆ 5,24,288. ಒಳಗೆ ಉದ್ದಕ್ಕೂ ಬರೀ ಎಫ್‌ಎಫ್ ಅಥವಾ ಬರೀ ಸೊನ್ನೆ ಕಂಡರೆ ಅದು ಪ್ರತಿಯಲ್ಲ, ಕಾಲು ಸರಿಯಾಗಿ ತಾಗಿಲ್ಲ ಅಷ್ಟೇ. ಸರಿಯಾದ ಪ್ರತಿ ಕೈಯಲ್ಲಿದ್ದರೆ ಎರಡು ದಾರಿ: ಹಳೆಯ ಚಿಪ್ಪನ್ನೇ ದಾನಿ ಬೋರ್ಡ್‌ಗೆ ಕೂರಿಸುವುದು, ಅಥವಾ ದಾನಿಯ ಚಿಪ್‌ಗೆ ಈ ಫೈಲ್ ಬರೆಯುವುದು. ನಾನಾದರೆ ಹಳೆಯದನ್ನೇ ಕೂರಿಸುತ್ತೇನೆ, ಫೈಲ್ ವಿಮೆಯಂತೆ ಪಕ್ಕಕ್ಕಿರಲಿ.

ಇದನ್ನು ಮುಂದೆ ಓದುವವರಿಗಾಗಿ: ಯು12 ಖಾಲಿ ಇದ್ದರೆ ರೋಮ್ (ಎಂಟು ಕಾಲಿನ ಚಿಪ್‌ನಲ್ಲಿ ಇರಬೇಕಿದ್ದ ಮಾಹಿತಿ) ಮುಖ್ಯ ಚಿಪ್‌ನ ಒಳಗೇ ಇದೆ ಎಂದರ್ಥ. ಆಗ ಆ ದೊಡ್ಡ ಚಿಪ್ಪನ್ನೇ ಸಾಗಿಸಬೇಕು, ಅಥವಾ ಪಿಸಿ-3000 ಥರದ ಡೇಟಾ ರಿಕವರಿ ಉಪಕರಣ ಇರುವವರ ಹತ್ತಿರ ಹೋಗಬೇಕು. ಮನೆಯಲ್ಲಿ ಮಾಡುವ ಕೆಲಸವಲ್ಲ.

ಕಡಲತೀರ

ಮೋಟರ್‌ನ ಮೂರೂ ಫೇಸ್ ಸಮ ಇವೆ, ಮೈಗೆ ಸಂಪರ್ಕವಿಲ್ಲ. ಒಂದು ಅನುಮಾನ. ಬೋರ್ಡ್‌ನ ಹಿಂಬದಿಯಲ್ಲಿ, ಹೆಡ್‌ನ ಸ್ಪ್ರಿಂಗ್ ಪಿನ್‌ಗಳು ತಾಗುವ ಚಿಕ್ಕ ಪ್ಯಾಡ್‌ಗಳು ಕಪ್ಪಾಗಿವೆ. ಇದೂ ಸುಟ್ಟದ್ದೇ? ಹೊಸ ಬೋರ್ಡ್ ಹಾಕಿದ ಮೇಲೆ ಮೊದಲ ಸಲ ಎಲ್ಲಿಗೆ ಕನೆಕ್ಟ್ ಮಾಡಲಿ? ಅದೇ ಯುಎಸ್‌ಬಿ ಕೇಸ್ ಮತ್ತೆ ಬಳಸಬಹುದೇ?

ಉತ್ತರ: ಸೊನ್ನೆಓಮ್

ಸುಟ್ಟದ್ದಲ್ಲ, ಕಿಲುಬು. ಮಂಗಳೂರು, ಉಡುಪಿ ಕಡೆಯ ತೇವದ ಗಾಳಿಗೆ ಇದು ಬೇಗ ಬರುತ್ತದೆ. ಬರೀ ಇದರಿಂದಲೇ ಡಿಸ್ಕ್ ಟಿಕ್ ಟಿಕ್ ಎನ್ನುವುದುಂಟು. ದಾನಿ ಬೋರ್ಡ್‌ನ ಪ್ಯಾಡ್‌ಗಳೂ ಹಾಗೇ ಇದ್ದರೆ ಬಿಳಿ ಪೆನ್ಸಿಲ್ ರಬ್ಬರಿನಿಂದ ಹಗುರವಾಗಿ ಉಜ್ಜಿ, ಲೋಹ ಹೊಳೆಯುವವರೆಗೆ. ಆಮೇಲೆ 99 ಶೇಕಡಾ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ರಬ್ಬರ್ ಚೂರು ಉಳಿಯಬಾರದು. ಮರಳುಕಾಗದ ಬೇಡವೇ ಬೇಡ. ಡಿಸ್ಕ್ ಕಡೆಯ ಸ್ಪ್ರಿಂಗ್ ಪಿನ್‌ಗಳನ್ನು ಉಜ್ಜಬೇಡಿ, ಬಾಗುತ್ತವೆ. ಅಲ್ಲಿ ಮೀಟರ್ ಕಡ್ಡಿಯನ್ನೂ ಚುಚ್ಚಬೇಡಿ, ಅವು ಹೆಡ್ ಕಡೆಗೆ ಹೋಗುವ ದಾರಿ.

ಚಿಪ್ ಕೂರಿಸಿದ ಮೇಲೆ ಪಕ್ಕಪಕ್ಕದ ಕಾಲುಗಳ ನಡುವೆ ಬೆಸುಗೆ ಸೇತುವೆ ಇಲ್ಲವೆಂದು, 12 ಮತ್ತು 5 ವೋಲ್ಟ್ ಎರಡರಲ್ಲೂ ಶಾರ್ಟ್ ಇಲ್ಲವೆಂದು ಮತ್ತೊಮ್ಮೆ ಅಳೆದು ನೋಡಿ. ಸ್ಕ್ರೂಗಳನ್ನೆಲ್ಲ ಹಾಕಿ. ಎರಡೇ ಹಾಕಿ ಪರೀಕ್ಷೆ ಮಾಡಿದರೆ ಪ್ಯಾಡ್‌ಗಳ ಮೇಲೆ ಸಮನಾದ ಒತ್ತಡ ಬೀಳುವುದಿಲ್ಲ. ಮೊದಲ ಪವರ್ ಡೆಸ್ಕ್‌ಟಾಪ್ ಎಸ್‌ಎಂಪಿಎಸ್‌ನಿಂದ, ಸಾಟಾ ಡೇಟಾ ಕೇಬಲ್ ಹಾಕದೆ. ಮೋಟರ್ ವೇಗ ಏರುವಾಗ 12 ವೋಲ್ಟ್‌ನಲ್ಲಿ ಸುಮಾರು 2 ಆಂಪಿಯರ್ ಎಳೆಯುತ್ತದೆ. ಒಂದೇ ಸಮನೆ ತಿರುಗಿ, ಹೆಡ್ ಇಳಿದ ಚಿಕ್ಕ ಸದ್ದು ಒಮ್ಮೆ ಬಂದು ಶಾಂತವಾದರೆ ಗೆದ್ದಿರಿ. ಬಡಿತ ಶುರುವಾದರೆ ಹತ್ತು ಸೆಕೆಂಡೂ ಕಾಯದೆ ಆಫ್ ಮಾಡಿ. ಎರಡು ಮೂರು ಸಲ ಆನ್ ಮಾಡಿ ನೋಡೋಣ ಎನ್ನುವುದು ಬೇಡ.

ಕೇಸ್ ವಿಷಯ: ಬೇಡ. ಒಳಬರುವ ಕಡೆಯ ಕೆಪಾಸಿಟರ್‌ಗಳು ಎಷ್ಟೋ ಕೇಸ್‌ಗಳಲ್ಲಿ 16 ವೋಲ್ಟ್‌ನವು, 19 ಕಂಡಾಗಿದೆ. 5 ವೋಲ್ಟ್ ತಯಾರಿಸುವ ಕನ್ವರ್ಟರ್ ಒಳಗೊಳಗೇ ಸೋತಿದ್ದರೆ ಅದು ಇನ್ನೊಮ್ಮೆ 5ರ ಬದಲು 12 ಕೊಡಬಹುದು, ಆಗ ಪ್ರೀಆಂಪ್ ಹೋಯಿತು.

ಉತ್ತರ: ಬೈಟ್‌ಬುತ್ತಿ

ಡಿಸ್ಕ್ ಎದ್ದ ಕೂಡಲೇ ಫೋಟೊ ಫೋಲ್ಡರ್ ತೆರೆದು ನೋಡುವ ಆಸೆಯಾಗುತ್ತದೆ. ತಡೆಯಿರಿ. ವಿಂಡೋಸ್‌ಗೆ ಹಾಕಿದರೆ ಅದು ಚೆಕ್‌ಡಿಸ್ಕ್ ಓಡಿಸಲು ಹೊರಡಬಹುದು, ಡಿಸ್ಕ್ ಮೇಲೆ ಬರೆಯಬಹುದು. ಲಿನಕ್ಸ್ ಲೈವ್ ಯುಎಸ್‌ಬಿಯಿಂದ ಬೂಟ್ ಮಾಡಿ, ಆಟೋಮೌಂಟ್ ನಿಲ್ಲಿಸಿ, ನೇರ ಸಾಟಾ ಪೋರ್ಟ್‌ಗೆ ಹಾಕಿ ಡಿಡಿರೆಸ್ಕ್ಯೂ ಎಂಬ ಪ್ರೋಗ್ರಾಂನಿಂದ ಇಡೀ ಡಿಸ್ಕ್‌ನ ಇಮೇಜ್ (ಒಂದೇ ಫೈಲ್ ಆಗಿ ಪೂರ್ತಿ ಪ್ರತಿ) ತೆಗೆಯಿರಿ. ಮ್ಯಾಪ್ ಫೈಲ್ ಹೆಸರು ಕೊಡದೆ ಶುರು ಮಾಡಬೇಡಿ, ನಡುವೆ ನಿಂತರೆ ಅಲ್ಲಿಂದಲೇ ಮುಂದುವರಿಯಲು ಅದೇ ಆಧಾರ. ಮೊದಲ ಸುತ್ತಿನಲ್ಲಿ ಕೆಟ್ಟ ಜಾಗ ಕೆರೆಯದೆ ದಾಟಿ ಹೋಗುವ ಆಯ್ಕೆ ಇಡಿ. ಸೆಕೆಂಡಿಗೆ 120 ಎಂಬಿ ಬಂದರೆ 1 ಟಿಬಿಗೆ ಎರಡೂಕಾಲು ಗಂಟೆ ದಾಟುತ್ತದೆ, ಅಷ್ಟು ಹೊತ್ತು ಡಿಸ್ಕ್ ಮೇಲೆ ಫ್ಯಾನ್ ಗಾಳಿ ಬೀಳಲಿ. ಇಮೇಜ್ ಬೀಳುವ ಡಿಸ್ಕ್‌ನಲ್ಲಿ 1 ಟಿಬಿಗಿಂತ ಹೆಚ್ಚು ಖಾಲಿ ಜಾಗ ಬೇಕು, ಫಾರ್ಮ್ಯಾಟ್ ಫ್ಯಾಟ್32 ಇರಬಾರದು, ಅದರಲ್ಲಿ 4 ಜಿಬಿ ದಾಟಿದ ಫೈಲ್ ನಿಲ್ಲುವುದಿಲ್ಲ.

ಇಮೇಜ್‌ನಲ್ಲಿ ಪಾರ್ಟಿಷನ್ ಕಾಣದಿದ್ದರೆ ಗಾಬರಿ ಬೇಡ. ಕೆಲವು ಯುಎಸ್‌ಬಿ ಕೇಸ್‌ಗಳು, ಅದರಲ್ಲೂ 2 ಟಿಬಿ ದಾಟಿದ ಡಿಸ್ಕ್‌ಗಳಿಗೆ, 512 ಬೈಟ್‌ನ ಸೆಕ್ಟರ್‌ಗಳನ್ನು 4096 ಎಂದು ತೋರಿಸುತ್ತವೆ. ನೇರ ಸಾಟಾಗೆ ಹಾಕಿದಾಗ ಲೆಕ್ಕ ತಪ್ಪಿ ಖಾಲಿ ಕಾಣುತ್ತದೆ, ಇಮೇಜನ್ನು 4096ರ ಲೆಕ್ಕದಲ್ಲಿ ಜೋಡಿಸಿದರೆ ಫೈಲ್‌ಗಳು ಅಲ್ಲೇ ಇರುತ್ತವೆ. ನಿಮ್ಮದು 1 ಟಿಬಿ, ಹಾಗಾಗುವ ಸಂಭವ ಕಡಿಮೆ. ಕಂಪನಿಯೇ ಕೇಸ್ ಸಮೇತ ಮಾರುವ ಮೈ ಬುಕ್, ಮೈ ಪಾಸ್‌ಪೋರ್ಟ್ ಆಗಿದ್ದರೆ ಕಥೆಯೇ ಬೇರೆ. ಅವುಗಳಲ್ಲಿ ಅನೇಕ ಮಾದರಿಗಳು ಪಾಸ್‌ವರ್ಡ್ ಹಾಕದಿದ್ದರೂ ಯುಎಸ್‌ಬಿ ಚಿಪ್‌ನಲ್ಲೇ ಡೇಟಾ ಎನ್‌ಕ್ರಿಪ್ಟ್ ಮಾಡುತ್ತವೆ. ಅಂಥದ್ದರಲ್ಲಿ ಆ ಯುಎಸ್‌ಬಿ ಬೋರ್ಡನ್ನೂ ಜೋಪಾನ ಮಾಡಬೇಕು.

ಉತ್ತರ: ಎಂಟುಕಾಲು

ದಾನಿ ಬೋರ್ಡ್‌ನಿಂದ ತೆಗೆದ ಚಿಪ್ಪನ್ನು ಹೆಸರು ಬರೆದ ಕವರಿನಲ್ಲಿ ಬೇರೆ ಇಡಿ. ಎರಡೂ ಚಿಪ್ ಮೇಲೆ ಒಂದೇ ನಂಬರ್ ಇರುತ್ತದೆ, ಮೇಜಿನ ಮೇಲೆ ಅದಲುಬದಲಾದರೆ ಕಣ್ಣಿಗೆ ಗೊತ್ತಾಗುವುದಿಲ್ಲ. ತೆಗೆಯುವ ಮೊದಲೇ ನಿಮ್ಮದರ ಮೈಮೇಲೆ ಮಾರ್ಕರ್‌ನಿಂದ ಒಂದು ಚುಕ್ಕೆ ಇಡಿ. ಒಂದನೇ ಕಾಲಿನ ಗುರುತಿನ ಹತ್ತಿರ ಮಾತ್ರ ಬೇಡ.